ನಮ್ಮ ಅಳಿವೆಯ ಅಲೆಯನ್ನು ರೀಲ್ ಮಾಡಿ ಹಾಕಬೇಕಾ, ಬೇಡವಾ?

ಅಳಿವೆಬಾಗಿಲು · ಭಾನುವಾರ, ಬೆಳಿಗ್ಗೆ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಾನು ಮೂಲ್ಕಿ ಕಡೆಯವನು. ಹೊಟ್ಟೆಪಾಡಿಗೆ ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೋಡ್ ಬರೆಯುತ್ತೇನೆ. ಹತ್ತು ಗಂಟೆಗೆ ಮೊದಲ ಮೀಟಿಂಗ್. ಅದಕ್ಕೂ ಮುಂಚೆ, ಆರರಿಂದ ಎಂಟೂವರೆವರೆಗೆ, ಕಡಲಲ್ಲಿ ಬೋರ್ಡಿನ ಮೇಲೆ ಕೂತಿರುತ್ತೇನೆ. ಕೂತಿರುತ್ತೇನೆ ಅಂತಲೇ ಬರೆದೆ, ತಪ್ಪಾಗಿಲ್ಲ. ಸರ್ಫಿಂಗ್ ಅಂದರೆ ಅಲೆಯ ಮೇಲೆ ನಿಲ್ಲುವುದು ಅಂತ ನೋಡುವವರಿಗೆ ಅನಿಸುತ್ತದೆ. ಎರಡೂವರೆ ಗಂಟೆಯಲ್ಲಿ ನಾನು ನಿಂತದ್ದನ್ನೆಲ್ಲ ಕೂಡಿಸಿದರೆ ಎರಡು ನಿಮಿಷ ದಾಟಲಿಕ್ಕಿಲ್ಲ. ಉಳಿದ ಹೊತ್ತೆಲ್ಲ ಕೈಯಲ್ಲಿ ನೀರು ತಳ್ಳುವುದು, ಕಾಯುವುದು, ಪಡುವಣಕ್ಕೆ ನೋಡುತ್ತಾ ಇರುವುದು. ಕನ್ನಡದಲ್ಲಿ ಅಲೆ ಅಂದರೆ ತೆರೆಯೂ ಹೌದು, ತಿರುಗಾಡುವುದೂ ಹೌದು. ಹಾಗೆ ಸುಮ್ನೆ ಕೂತಾಗ ತಲೆಯೂ ಅಲೆಯುತ್ತದೆ. ಈ ಪೋಸ್ಟ್ ಹುಟ್ಟಿದ್ದು ಅಲ್ಲೇ.

ಹೋದ ವಾರ ಯಾರೋ ಡ್ರೋನ್ ಹಾರಿಸಿ ನಮ್ಮ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ರೀಲ್ ಹಾಕಿದರು. ಎಂಟು ಸೆಕೆಂಡು. ಎಡಕ್ಕೆ ಉದ್ದಕ್ಕೂ ಮಗುಚುತ್ತಾ ಹೋಗುವ ಒಂದು ಅಲೆ, ಹಿಂದೆ ತೆಂಗಿನ ತೋಟ, ಮೇಲೊಂದು ಸಿನಿಮಾ ಹಾಡು, ಕೆಳಗೆ ಲೊಕೇಶನ್. ದಿನಾ ಐದಾರು ಜನ ಇರುವ ಜಾಗ. ನಿನ್ನೆ ಎಣಿಸಿದೆ, ಇಪ್ಪತ್ತೇಳು. ಒಬ್ಬರು ಹತ್ತಿದ ಅಲೆಗೆ ಇನ್ನೊಬ್ಬರು ಅಡ್ಡ ಹತ್ತಬಾರದು ಅನ್ನುವುದು ಅರ್ಧ ಜನಕ್ಕೆ ಗೊತ್ತಿಲ್ಲ. ಒಬ್ಬರ ಬೋರ್ಡಿನ ಅಡಿಯ ಫಿನ್, ಅಂದರೆ ಚೂಪು ರೆಕ್ಕೆ, ತಾಗಿ ಇನ್ನೊಬ್ಬರ ಮೊಣಕೈ ಸೀಳಿತು. ಮೀನು ಹಿಡಿದು ವಾಪಸ್ ಬರುತ್ತಿದ್ದ ನಾಡದೋಣಿಯ ದಾರಿಯಲ್ಲೇ ನಾಲ್ಕು ಜನ ಕೂತಿದ್ದರು. ದೋಣಿಯವರು ಬೈದರು. ನಮ್ಮನ್ನೂ ಸೇರಿಸಿ ಬೈದರು. ನ್ಯಾಯವೇ.

ಕೋಪದಲ್ಲೇ ಮನೆಗೆ ಬಂದೆ. ಸ್ನಾನ ಮಾಡುವಾಗ ನಗು ಬಂತು. ನಾನೇ ಅರ್ಧ ಸರ್ಫಿಂಗ್ ಕಲಿತದ್ದು ಯೂಟ್ಯೂಬ್ ನೋಡಿ. ಯಾರೋ ಎಲ್ಲೋ ತಮ್ಮ ಊರಿನ ಅಲೆಯನ್ನು ಕ್ಯಾಮೆರಾದಲ್ಲಿ ಹಿಡಿದು ಹಾಕಿದ್ದಕ್ಕೇ ನಾನು ಇವತ್ತು ನೀರಿನಲ್ಲಿದ್ದೇನೆ. ಹಾಗಿರುವಾಗ ಬೇರೆಯವರಿಗೆ ಹಾಕಬೇಡಿ ಅನ್ನಲು ನಾನು ಯಾರು?

ಆದರೂ ಒಂದು ವಿಷಯ ಕೊರೆಯುತ್ತಿದೆ. ಆ ರೀಲಿನಲ್ಲಿ ಅಲೆ ಕಾಣುತ್ತದೆ. ಅಲೆಯನ್ನು ಮಾಡಿದ ಮರಳು ಕಾಣುವುದಿಲ್ಲ. ಅಳಿವೆಯ ಮುಂದೆ ನೀರಿನಡಿ ಒಂದು ಮರಳು ದಿಬ್ಬ ಇದೆ. ಹೊಳೆ ತಂದದ್ದು, ಕಡಲು ಜೋಡಿಸಿದ್ದು. ನಮ್ಮ ಅಲೆಯ ಆಕಾರ ಅಂದರೆ ಆ ದಿಬ್ಬದ ಆಕಾರ. ಅದು ಈ ಸಲ ಮಳೆಗಾಲ ಮುಗಿದ ಮೇಲೆ ಹೋದ ವರ್ಷದಷ್ಟು ಬಂದಿಲ್ಲ. ಬಡಗು ಬದಿಯಲ್ಲಿ ಬೇಸಿಗೆಯಲ್ಲಿ ಲಾರಿಗಟ್ಟಲೆ ಕಲ್ಲು ಸುರಿದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ ಅಂತ ಕೇಳಿದರೆ ಉತ್ತರ ಕೊಡುವವರಿಲ್ಲ. ರೀಲಿಗೆ ಮಾತ್ರ ಎರಡು ಲಕ್ಷ ನೋಟ.

ಹಾಕಬೇಕಾ, ಬೇಡವಾ? ನೀವು ಹೇಳಿ.

ವೀಕೆಂಡ್_ಅಲೆಮಾರಿ · ಬೆಳಿಗ್ಗೆ 11:52

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯಲ್ಲಿ ತಲೆ ಕಿಟಕಿಗೆ ಬಡಿಸಿಕೊಂಡು ಬರುವವರಲ್ಲಿ ನಾನೂ ಒಬ್ಬ. ಆ ಇಪ್ಪತ್ತೇಳರಲ್ಲಿ ಬಹುಶಃ ನಾನೂ ಇದ್ದೆ. ಮೊದಲೇ ಒಪ್ಪಿಕೊಳ್ಳುತ್ತೇನೆ.

ಆದರೆ ಇದು ಯಾವ ಗುಟ್ಟು ಸರ್? ಮೂಲ್ಕಿಯಲ್ಲಿ ಸರ್ಫಿಂಗ್ ಆಶ್ರಮ ಶುರುವಾದದ್ದು 2004ರಲ್ಲಿ. ಸರ್ಫಿಂಗ್ ಸ್ವಾಮಿ ಅಂತಲೇ ಹೆಸರಾದ ಜ್ಯಾಕ್ ಹೆಬ್ನರ್ ಬಗ್ಗೆ ಓದದವರು ಯಾರು? ಪಕ್ಕದ ಸಸಿಹಿತ್ಲಿನಲ್ಲಿ 2016ರಲ್ಲೇ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಆಗಿದೆ. ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲ ಬಂದಿದೆ. ಈಗ ಒಂದು ರೀಲ್ ಬಂದ ತಕ್ಷಣ ‘ನಮ್ಮ ಅಲೆ’ ಆಗಿಬಿಟ್ಟಿತಾ? ಕಡಲು ಯಾರ ಅಪ್ಪನ ಮನೆಯದ್ದೂ ಅಲ್ಲ.

ನಿಮಗೆ ದಿನಾ ಬೆಳಿಗ್ಗೆ ಸಿಗುತ್ತದೆ. ನಮಗೆ ತಿಂಗಳಿಗೆ ಎರಡು ಬೆಳಗು. ಎಲ್ಲಿ ಅಲೆ ಇದೆ ಅಂತ ಫೋನಿನಲ್ಲಿ ನೋಡದೆ ಬಂದರೆ ಮಟ್ಟಸ ನೀರು ನೋಡಿಕೊಂಡು ನೀರ್ ದೋಸೆ ತಿಂದು ವಾಪಸ್ ಹೋಗಬೇಕು.

ಕೈರಂಪಣಿ · ಮಧ್ಯಾಹ್ನ 12:30

ನೀರ್ ದೋಸೆ ತಿಂದು ಹೋದರೂ ಲಾಭವೇ ಮಾರಾಯ್ರೆ, ಊರಿನ ಹೋಟೆಲಿಗೆ ವ್ಯಾಪಾರ.

ನಾನು ಸರ್ಫ್ ಮಾಡುವವನಲ್ಲ. ನಮ್ಮ ಮಗ ಮಾಡುತ್ತಾನೆ, ಅವನೇ ಈ ಪೋಸ್ಟ್ ತೋರಿಸಿದ್ದು. ನಾನು ನಲವತ್ತು ವರ್ಷ ಬಲೆ ಎಳೆದವನು. ನಿನ್ನೆ ಬೈದ ದೋಣಿಯಲ್ಲಿ ನನ್ನ ಭಾವ ಇದ್ದರು.

ಅಳಿವೆಯಲ್ಲಿ ಒಳಗೆ ಬರುವ ದೋಣಿಗೆ ಬ್ರೇಕ್ ಇಲ್ಲ. ಇದನ್ನು ಮೊದಲು ತಿಳಿದುಕೊಳ್ಳಿ. ಒಂದು ತೆರೆಯ ಬೆನ್ನು ಹಿಡಿದು, ಹಿಂದಿನ ತೆರೆ ಬಂದು ಬಡಿಯುವುದರೊಳಗೆ ದಿಬ್ಬ ದಾಟಬೇಕು. ಎಂಜಿನ್ ಕಡಿಮೆ ಮಾಡಿದರೆ ಹಿಂದಿನ ತೆರೆ ಎತ್ತಿ ಅಡ್ಡ ಹಾಕುತ್ತದೆ. ದೋಣಿ ಮಗುಚಿದರೆ ಮೀನೂ ಹೋಯಿತು, ಬಲೆಯೂ ಹೋಯಿತು, ಜನವೂ ಹೋದೀತು. ನೀವು ಅಲ್ಲಿ ಕೂತು ಕೈ ಬೀಸಿ ಹಾಯ್ ಅನ್ನುತ್ತೀರಿ.

ಇನ್ನು ಈ ಫೋನಿನ ವಿಷಯ. ನೀವು ಪರದೆಯಲ್ಲಿ ನೋಡುವುದನ್ನು ನಮ್ಮ ಅಪ್ಪ ಮಲಗಿದಲ್ಲೇ ಕೇಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರಾದರೆ ಕಡಲಿನ ಶಬ್ದ ಯಾವ ಬದಿಯಿಂದ ಬರುತ್ತದೆ, ಎರಡು ಶಬ್ದದ ನಡುವೆ ಎಷ್ಟು ಹೊತ್ತು, ಅಷ್ಟು ಸಾಕು. ಇವತ್ತು ಹೋಗುವುದಾ ಬೇಡವಾ ಅಂತ ಚಾಪೆಯಲ್ಲೇ ತೀರ್ಮಾನ. ನನಗೆ ಅದರ ಅರ್ಧ ಬರುತ್ತದೆ. ಮಗನಿಗೆ ಅದೂ ಬರುವುದಿಲ್ಲ, ಅವನಿಗೆ ಇಯರ್‌ಫೋನ್.

ಅಂತರ್ಜಾಲ ಅನ್ನುತ್ತೀರಲ್ಲ, ಜಾಲ ಅಂದರೆ ಬಲೆ. ಬಲೆಯ ಮೇಲೆ ಸವಾರಿ ಮಾಡುತ್ತೇವೆ ಅಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಬಂಗುಡೆ ಮೀನಿಗೂ ಕೊನೆವರೆಗೆ ಹಾಗೆಯೇ ಅನಿಸುತ್ತದೆ.

ವೀಕೆಂಡ್_ಅಲೆಮಾರಿ · ಮಧ್ಯಾಹ್ನ 12:41

ಬ್ರೇಕ್ ವಿಷಯ ನಿಜಕ್ಕೂ ಗೊತ್ತಿರಲಿಲ್ಲ ಅಣ್ಣ. ನಿಮ್ಮ ಭಾವನವರಿಗೆ ಕ್ಷಮೆ ಕೇಳಿದೆ ಅಂತ ಹೇಳಿ. ಬಂಗುಡೆ ಮಾತು ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ತೆರೆಲೆಕ್ಕ · ಮಧ್ಯಾಹ್ನ 1:15

ಊರು ಧಾರವಾಡ. ಗೋವಾದಲ್ಲಿ ಸಮುದ್ರ ವಿಜ್ಞಾನ ಓದುತ್ತಿದ್ದೇನೆ. ಸರ್ಫ್ ಬೋರ್ಡ್ ಮೇಲೆ ಎರಡು ಸಲ ಹತ್ತಿ ನಾಲ್ಕು ಸಲ ಬಿದ್ದವಳು.

ಕೈರಂಪಣಿ ಅವರ ತಂದೆ ಚಾಪೆಯಲ್ಲಿ ಅಳೆಯುತ್ತಿದ್ದದ್ದನ್ನೇ ನಾವು ಅಲೆಯ ಅವಧಿ ಅನ್ನುತ್ತೇವೆ. ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡುಗಳು. ಫೋರ್ಕಾಸ್ಟ್ ಆ್ಯಪ್‌ನಲ್ಲಿ ಎಲ್ಲರೂ ಎತ್ತರ ನೋಡುತ್ತಾರೆ, ಅವಧಿಯನ್ನು ನೋಡುವುದಿಲ್ಲ. ನೋಡಬೇಕಾದದ್ದು ಅದನ್ನೇ. ಆರು ಸೆಕೆಂಡಿನ ಅಲೆ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಗಲಾಟೆ. ಹದಿನಾರು ಸೆಕೆಂಡಿನದ್ದು ಅಂದರೆ ಬಹಳ ದೂರದ ಅತಿಥಿ.

ಎಷ್ಟು ದೂರ ಅಂತ ಒಂದು ಸಣ್ಣ ಲೆಕ್ಕ. ಭಾರತದ ದಕ್ಷಿಣಕ್ಕೆ, ಸಮಭಾಜಕ ದಾಟಿ, 40 ಡಿಗ್ರಿ ದಕ್ಷಿಣ ಅಕ್ಷಾಂಶದಾಚೆ ಗಾಳಿಯನ್ನು ತಡೆಯುವ ನೆಲವೇ ಹೆಚ್ಚಿಲ್ಲ. ಅಲ್ಲಿ ಬಿರುಗಾಳಿ ಎದ್ದಾಗ ಉದ್ದ ಅವಧಿಯ ಅಲೆಗಳು ಹುಟ್ಟುತ್ತವೆ. ಆಳ ನೀರಿನಲ್ಲಿ 16 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ. ಅಲ್ಲಿಂದ ಮೂಲ್ಕಿಗೆ ಹೆಚ್ಚುಕಡಿಮೆ 6,000 ಕಿಲೋಮೀಟರ್. ಐದೂವರೆ ದಿನ! ಶನಿವಾರ ಬೆಳಿಗ್ಗೆ ನೀವು ಹತ್ತಿದ ಅಲೆ ಅದರ ಹಿಂದಿನ ಭಾನುವಾರ ಸಂಜೆ ಹೊರಟದ್ದು. ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನಷ್ಟೇ ಸ್ಪೀಡು, ಆದರೆ ನಡುವೆ ಊಟಕ್ಕೆ ನಿಲ್ಲಿಸುವುದಿಲ್ಲ.

ಆ ಬಿರುಗಾಳಿ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯೇ ಇರುವುದಿಲ್ಲ, ಇದ್ದಕ್ಕಿದ್ದ ಹಾಗೆ ಕಡಲು ಮನೆ ಅಂಗಳಕ್ಕೆ ಬರುತ್ತದೆ. ಕೇರಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್, ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಮೀನುಗಾರರೂ ಸರ್ಫರ್‌ಗಳೂ ನೋಡಬೇಕಾದದ್ದು ಅದು, ರೀಲ್ ಅಲ್ಲ.

ಮರಳಿನ ವಿಷಯಕ್ಕೆ ಬರುತ್ತೇನೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದು ಮೀಟರ್ ಅಲೆ ಒಂದೂಕಾಲು ಮೀಟರ್ ಚಿಲ್ಲರೆ ನೀರಿನಲ್ಲಿ ಮಗುಚುತ್ತದೆ. ದಿಬ್ಬ ಓರೆಯಾಗಿದ್ದರೆ ಅಲೆ ಒಂದು ತುದಿಯಿಂದ ಸಾಲಾಗಿ ಒಡೆಯುತ್ತಾ ಹೋಗುತ್ತದೆ, ನಿಮಗೆ ಸವಾರಿ ಸಿಗುತ್ತದೆ. ದಿಬ್ಬ ಇಲ್ಲದಿದ್ದರೆ ಇಡೀ ಅಲೆ ಒಮ್ಮೆಲೇ ದಡಕ್ಕೆ ಬಡಿಯುತ್ತದೆ. ಐದೂವರೆ ದಿನ ಪ್ರಯಾಣ ಮಾಡಿ ಬಂದವನಿಗೆ ಬಾಗಿಲಲ್ಲೇ ಕಾಲು ಜಾರಿದ ಹಾಗೆ.

ಸುಮ್ನೆ_ಓದುವವ · ಮಧ್ಯಾಹ್ನ 1:48

ಕೊಪ್ಪಳದವನು. ಕಡಲು ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮುರುಡೇಶ್ವರದಲ್ಲಿ. ಈಜು ಬರುವುದಿಲ್ಲ. ಆದರೂ ಕೂತು ಎಲ್ಲ ಓದಿದೆ. ಒಂದು ಪ್ರಶ್ನೆ: ನೀವು ಸರ್ಫರ್‌ಗಳು ಪರಿಸರ, ಪ್ಲಾಸ್ಟಿಕ್ ಅಂತೆಲ್ಲ ಮಾತಾಡುತ್ತೀರಲ್ಲ, ನಿಮ್ಮ ಬೋರ್ಡ್ ಏನು ಬಾಳೆದಿಂಡಾ?

ಅಳಿವೆಬಾಗಿಲು · ಮಧ್ಯಾಹ್ನ 2:10

ಹಹ್ಹಾ. ಬಾಳೆದಿಂಡೇ ಇತ್ತು ಒಂದು ಕಾಲದಲ್ಲಿ! ಮೂರು ದಿಂಡು ಬಿದಿರಿನ ಕಡ್ಡಿಗೆ ಚುಚ್ಚಿ ತೆಪ್ಪ ಮಾಡಿ ಹೊಳೆಯಲ್ಲಿ ತೇಲುತ್ತಿದ್ದೆವು. ಅಜ್ಜಿ ಬೆತ್ತ ಹಿಡಿದು ದಡದಲ್ಲಿ ಕಾಯುತ್ತಿದ್ದರು.

ನೀವು ಚುಚ್ಚಿದ್ದು ಸರಿಯಾದ ಜಾಗಕ್ಕೇ. ನನ್ನ ಬೋರ್ಡಿನ ಒಳಗೆ ಪಾಲಿಯುರೆಥೇನ್ ಫೋಮ್, ಹೊರಗೆ ಫೈಬರ್ ಗ್ಲಾಸ್ ಮತ್ತು ಪಾಲಿಯೆಸ್ಟರ್ ರೆಸಿನ್. ಬಹುಪಾಲು ಪೆಟ್ರೋಲಿಯಂ ಸಂತಾನ. ಕಲಿಯುವವರ ಮೆತ್ತನೆ ಬೋರ್ಡೂ ಅಷ್ಟೇ, ಅದು ಒಡೆದರೆ ಪುಡಿ ಪುಡಿ ಫೋಮು ಮರಳಿನಲ್ಲಿ. ಅಮೆರಿಕದಲ್ಲಿ ಬೋರ್ಡಿನ ಒಳಗಿನ ಫೋಮ್ ತಯಾರಿಸುವ ದೊಡ್ಡ ಕಾರ್ಖಾನೆ ಕ್ಲಾರ್ಕ್ ಫೋಮ್ ಅಂತ ಇತ್ತು. 2005ರ ಡಿಸೆಂಬರಿನಲ್ಲಿ ಒಂದು ಸೋಮವಾರ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಅದರಲ್ಲಿ ಬಳಸುತ್ತಿದ್ದ ವಿಷದ ರಾಸಾಯನಿಕ, ಅದರ ಕಟ್ಟಳೆಗಳ ತಲೆನೋವು ಕಾರಣಗಳಲ್ಲಿ ಒಂದು. ಬೋರ್ಡ್ ಮಾಡುವವರೆಲ್ಲ ಕಂಗಾಲಾದರು. ಪ್ರಕೃತಿಯ ಮಡಿಲು ಅಂತ ಫೋಟೋ ಹಾಕುವ ನಾವು ನಿಂತಿರುವುದು ಇಂಥದ್ದರ ಮೇಲೆ.

ಹಾಗಾಗಿ ನಾನು ಸಾಚಾ ಅಂತ ಹೇಳುತ್ತಿಲ್ಲ. ಒಂದು ಬೋರ್ಡನ್ನು ಒಂಬತ್ತು ವರ್ಷದಿಂದ ತೇಪೆ ಹಾಕಿ ಓಡಿಸುತ್ತಿದ್ದೇನೆ. ಅದು ಪರಿಸರ ಕಾಳಜಿಯೋ ಜುಗ್ಗತನವೋ ಅಂತ ಹೆಂಡತಿಗೆ ಅನುಮಾನ ಇದೆ.

ಉಪ್ಪುಕೂದಲು · ಮಧ್ಯಾಹ್ನ 3:05

ಈ ಚರ್ಚೆಯಲ್ಲಿ ನೀರಿಗೆ ಇಳಿಯುವ ಹುಡುಗಿ ನಾನೊಬ್ಬಳೇ ಇರಬೇಕು, ಹಾಗಾಗಿ ಬರೆಯುತ್ತೇನೆ.

ರೀಲ್ ಬೇಡ ಅನ್ನುವುದು ಸುಲಭ. ನನಗೆ ಹದಿನೈದು ವರ್ಷ ಆಗಿದ್ದಾಗ ಮೂಲ್ಕಿಯ ತನ್ವಿ ಜಗದೀಶ್ ಪ್ಯಾಡಲ್ ಹಿಡಿದು ಬೋರ್ಡಿನ ಮೇಲೆ ನಿಂತ ವಿಡಿಯೋ ನೋಡಿದೆ. ನಮ್ಮ ಊರಿನ ಪಕ್ಕದವರು, ನಮ್ಮ ಹಾಗೇ ಮಾತಾಡುವವರು. ಅಪ್ಪನಿಗೆ ಅದನ್ನೇ ತೋರಿಸಿ ಒಪ್ಪಿಸಿದೆ. ಕಪ್ಪಾಗುತ್ತೀ, ಮದುವೆ ಆಗುವುದಿಲ್ಲ ಅಂತ ದೊಡ್ಡಮ್ಮ ಇವತ್ತಿಗೂ ಹೇಳುತ್ತಾರೆ. ಕಪ್ಪಾಗಿದ್ದೇನೆ. ಮದುವೆ ಆಗಿಲ್ಲ. ಎರಡಕ್ಕೂ ಸಂಬಂಧ ಇಲ್ಲ.

2025ರ ಆಗಸ್ಟಿನಲ್ಲಿ ಮಹಾಬಲಿಪುರಂನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಆದಾಗ ರಮೇಶ್ ಬೂದಿಹಾಳ್ ಕಂಚು ಗೆದ್ದರು. ಅಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. ಕೋವಳಂನಲ್ಲಿ ಬೆಳೆದವರು, ಆದರೆ ಬೂದಿಹಾಳ ಅನ್ನುವ ಹೆಸರಿನಲ್ಲೇ ಕನ್ನಡದ ಊರು ಕೇಳಿಸುತ್ತದಲ್ಲ. ಅವತ್ತು ಅದನ್ನು ಫೋನಿನಲ್ಲಿ ನೋಡಿ ನಮ್ಮ ಓಣಿಯ ಮಕ್ಕಳು ಕುಣಿದರು. ಟಿವಿಯಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಕಾಣುವುದೇ ಕಷ್ಟ.

ಆದರೆ ಫೋನಿನ ಇನ್ನೊಂದು ಮುಖವೂ ಗೊತ್ತು. ನಾನು ಬಿದ್ದ ವಿಡಿಯೋ ಒಂದಿದೆ. ಮೂಗಿಗೆ ನೀರು ಹೋಗಿ ಕೆಮ್ಮುತ್ತಿರುವುದು. ತೊಂಬತ್ತು ಸಾವಿರ ಜನ ನೋಡಿದರು. ಕಮೆಂಟುಗಳಲ್ಲಿ ಅರ್ಧ ನನ್ನ ಬಟ್ಟೆಯ ಬಗ್ಗೆ, ಕಾಲು ಭಾಗ ಅಡುಗೆ ಮನೆಗೆ ಹೋಗು ಅಂತ. ನನಗೆ ಅಡುಗೆ ಬರುತ್ತದೆ ಮಾರಾಯ್ರೆ, ನಿಮಗೆ ಈಜು ಬರುತ್ತದಾ? ಅದರ ಮರುವಾರ ನಾವು ಆರು ಜನ ಸೇರಿ ದಡದಿಂದ ಹರಿದ ಬಲೆ, ಚಪ್ಪಲಿ, ಗುಟ್ಕಾ ಪ್ಯಾಕೆಟ್ ಒಟ್ಟು ಹದಿನಾಲ್ಕು ಗೋಣಿ ಎತ್ತಿದೆವು. ಆ ವಿಡಿಯೋ ನೋಡಿದವರು ನಾನೂರು ಚಿಲ್ಲರೆ. ಅದರಲ್ಲಿ ನಮ್ಮ ಅಮ್ಮ ಒಬ್ಬರೇ ಇಪ್ಪತ್ತು ಸಲ ನೋಡಿದ್ದಾರೆ.

ನನ್ನ ಅಭಿಪ್ರಾಯ: ಹಾಕಿ. ಲೊಕೇಶನ್ ಹಾಕಬೇಡಿ. ಯಾರಾದರೂ ಕೇಳಿದರೆ ಬನ್ನಿ ಅಂತ ಕರೆದು, ಮೊದಲು ದಡದಲ್ಲಿ ನಿಲ್ಲಿಸಿ ದೋಣಿ ದಾರಿ ತೋರಿಸಿ.

ತಣ್ಣೀರು_ಕನ್ನಡಿಗ · ಸಂಜೆ 8:40

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಿಂದ. ಇಲ್ಲಿ ಈಗ ಬೆಳಗು. ಊರು ಕುಂದಾಪುರ. ಇಲ್ಲಿ ನೀರು ಎಷ್ಟು ತಣ್ಣಗೆ ಅಂದರೆ ದಪ್ಪ ರಬ್ಬರಿನ ಸೂಟ್ ಹಾಕದೆ ಇಳಿದರೆ ಹಲ್ಲು ಕಟಕಟ. ನೀವು ಬರೀ ಚಡ್ಡಿಯಲ್ಲಿ ಸರ್ಫ್ ಮಾಡುವುದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಜಗಳ ಇಲ್ಲಿ ಹಳೆಯದು. 1985ರಲ್ಲೇ ಇಲ್ಲಿ ಫೋನ್ ಮಾಡಿದರೆ ಇವತ್ತು ಎಲ್ಲಿ ಅಲೆ ಚೆನ್ನಾಗಿದೆ ಅಂತ ಹೇಳುವ ಸೇವೆ ಶುರುವಾಯಿತು. ದುಡ್ಡು ಕೊಟ್ಟು ಕೇಳುವುದು. ಆಗಲೂ ಹಳಬರು ‘ಮುಗಿಯಿತು, ಜನ ಜಾತ್ರೆ’ ಅಂತ ಬೈದರು. ಆಮೇಲೆ ದಡದಲ್ಲಿ ಕ್ಯಾಮೆರಾ ಬಂತು, ಮನೆಯಲ್ಲಿ ಕೂತು ಅಲೆ ನೋಡಿ ಹೊರಡುವುದು. ಈಗ ಫೋನ್. ಪ್ರತಿ ಸಲವೂ ಅದೇ ಬೈಗುಳ.

ತಮಾಷೆ ಗೊತ್ತಾ, ‘ಇಂಟರ್ನೆಟ್ ಸರ್ಫಿಂಗ್’ ಅನ್ನುವ ಮಾತನ್ನು ಜನಪ್ರಿಯ ಮಾಡಿದ್ದು ಕಡಲ ಜನ ಅಲ್ಲ. ಜೀನ್ ಆರ್ಮರ್ ಪಾಲಿ ಅಂತ ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕಿ, 1992ರ ಒಂದು ಲೇಖನದಲ್ಲಿ. ಮೇಜಿನ ಮೇಲಿದ್ದ ಮೌಸ್ ಪ್ಯಾಡಿನಲ್ಲಿ ಸರ್ಫರ್ ಚಿತ್ರ ಇತ್ತಂತೆ, ಅದನ್ನು ನೋಡಿ ಹೊಳೆದದ್ದು. ಕೈರಂಪಣಿ ಅವರ ಬಂಗುಡೆ ಹೋಲಿಕೆ ಆಗ ಅವರಿಗೆ ಸಿಕ್ಕಿದ್ದರೆ ಇಂಗ್ಲಿಷೇ ಬದಲಾಗುತ್ತಿತ್ತು.

ಗುಟ್ಟು ಉಳಿಯುವುದಿಲ್ಲ ಅನ್ನುವುದಕ್ಕೆ ನಮೀಬಿಯಾ ನೋಡಿ. ಮರುಭೂಮಿಯ ದಡ, ಸುತ್ತ ಊರಿಲ್ಲ. ಒಂದು ಸರ್ಫ್ ಪತ್ರಿಕೆ ಗೂಗಲ್ ಅರ್ಥ್‌ನಲ್ಲಿ ಹೊಸ ಅಲೆ ಹುಡುಕುವ ಸ್ಪರ್ಧೆ ಇಟ್ಟಿತು. ಒಬ್ಬ ಮನೆಯಲ್ಲೇ ಕೂತು ಉಪಗ್ರಹ ಚಿತ್ರದಲ್ಲಿ ಒಂದು ಮರಳು ನಾಲಿಗೆ ಹುಡುಕಿದ. 2008ರಲ್ಲಿ ಅಲ್ಲಿನ ವಿಡಿಯೋ ಬಂದಾಗ ಇಡೀ ಸರ್ಫ್ ಲೋಕ ಬಾಯಿ ಬಿಟ್ಟಿತು. ಸ್ಕೆಲಿಟನ್ ಬೇ ಅಂತ ಅದರ ಹೆಸರು. ಅಲ್ಲೂ ಅಲೆ ಮಾಡಿದ್ದು ಮರಳೇ.

ಮರಳಿನ ವಿಷಯಕ್ಕೆ ಇನ್ನೂ ದೊಡ್ಡ ಕಥೆ ಸ್ಪೇನಿನ ಮುಂಡಾಕಾ. ನಿಮ್ಮ ಹಾಗೇ ಅಳಿವೆ, ನಿಮ್ಮ ಹಾಗೇ ಎಡಕ್ಕೆ ಓಡುವ ಅಲೆ, ಯುರೋಪಿನಲ್ಲೇ ಹೆಸರುವಾಸಿ. 2003ರ ಹೊತ್ತಿಗೆ ಹಡಗು ಕಟ್ಟುವ ಜಾಗಕ್ಕಾಗಿ ಹೊಳೆಯೊಳಗಿಂದ ಮರಳು ತೆಗೆದರು. ಹೊಂಡ ತುಂಬಲು ಕಡಲು ದಿಬ್ಬದ ಮರಳನ್ನೇ ಎಳೆದುಕೊಂಡಿತು. ಅಲೆ ಮಾಯ. 2005ರಲ್ಲಿ ಅಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಸ್ಪರ್ಧೆಯೇ ರದ್ದಾಯಿತು. ಹೋಟೆಲಿನವರು, ಬಾಡಿಗೆ ಮನೆಯವರು ತಲೆ ಮೇಲೆ ಕೈ ಹೊತ್ತರು. ಮರಳು ತಾನಾಗಿ ಬಂದ ಮೇಲೆ ಅಲೆಯೂ ಬಂತು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಇದಕ್ಕೆ ಪೂರಾ ತಿರುಗುಮುರುಗು: 2001ರಿಂದ ಟ್ವೀಡ್ ಹೊಳೆಯ ಬಾಯಿಯಿಂದ ಪಂಪ್ ಮಾಡಿ ಮರಳನ್ನು ಬಡಗಿಗೆ ಸಾಗಿಸಲು ಶುರು ಮಾಡಿದರು, ಸೂಪರ್‌ಬ್ಯಾಂಕ್ ಅನ್ನುವ ಉದ್ದಾನುದ್ದ ಅಲೆಯೇ ಹುಟ್ಟಿತು.

ಅಳಿವೆಬಾಗಿಲು · ರಾತ್ರಿ 9:25

ಮುಂಡಾಕಾ ಕಥೆ ಓದಿ ಎದೆ ಧಸಕ್ಕೆಂದಿತು. ಇದೇ ನಾನು ಕೇಳಲು ಹೊರಟದ್ದು, ಸರಿಯಾಗಿ ಕೇಳಲು ಬರಲಿಲ್ಲ.

ನಮ್ಮಲ್ಲಿ ಮರಳಿಗೆ ಎಷ್ಟು ಕಡೆಯಿಂದ ಏಟು ನೋಡಿ. ಮೇಲೆ ಹೊಳೆಗೆ ಕಿಂಡಿ ಅಣೆಕಟ್ಟು. ಕುಡಿಯುವ ನೀರು ಬೇಕು, ಉಪ್ಪುನೀರು ಒಳಗೆ ಬರಬಾರದು, ಸರಿ. ಅದರ ಕೆಳಗೆ ರಾತ್ರಿ ಹೊತ್ತು ಮರಳು ತೆಗೆಯುವವರು. ಮನೆ ಕಟ್ಟುವಾಗ ನಮ್ಮ ಮನೆಗೂ ಎಲ್ಲಿಂದಲೋ ಮರಳು ಬಂತು, ಎಲ್ಲಿಂದ ಅಂತ ಅಪ್ಪ ಕೇಳಲಿಲ್ಲ. ಕೆಳಗೆ ದಡದಲ್ಲಿ ಕಲ್ಲಿನ ತಡೆಗೋಡೆ. ಮಳೆಗಾಲದ ಕಡಲು ದಡದ ಮರಳನ್ನು ಎಳೆದುಕೊಂಡು ಹೋಗಿ ಒಳಗೆ ದಿಬ್ಬ ಮಾಡಿ ಇಡುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ವಾಪಸ್ ಕೊಡುತ್ತದೆ. ನಾವು ಕೊಟ್ಟು ತೆಗೆದುಕೊಳ್ಳುವುದನ್ನು ನೋಡದೆ, ಬರೀ ಕಿತ್ತುಕೊಂಡದ್ದನ್ನು ನೋಡಿ ಕಲ್ಲು ಹಾಕುತ್ತೇವೆ. ಕಲ್ಲಿಗೆ ಬಡಿದ ಅಲೆ ವಾಪಸ್ ಚಿಮ್ಮುವಾಗ ಬುಡದ ಮರಳನ್ನು ಕೆರೆದು ಒಯ್ಯುತ್ತದೆ. ಗೋಡೆ ಮುಗಿದಲ್ಲಿ ಪಕ್ಕದ ಊರಿನ ದಡ ಕೊಚ್ಚಿಹೋಗುತ್ತದೆ, ಮುಂದಿನ ವರ್ಷ ಅವರೂ ಕಲ್ಲು ಕೇಳುತ್ತಾರೆ.

ಉಳ್ಳಾಲದಿಂದ ಬಡಗಿಗೆ ಹೋದರೆ ಕಲ್ಲಿನ ಸಾಲು ಬಂದು ಬಂದು ಹೋಗುವುದು ಕಾಣುತ್ತದೆ. ಉಳ್ಳಾಲದಲ್ಲಿ ಎಡಿಬಿ, ಅಂದರೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಸಾಲದ ಯೋಜನೆಯಲ್ಲಿ ಕಡಲೊಳಗೇ ದಿಬ್ಬದಂಥ ರೀಫ್ ಕಟ್ಟಿದರು, ಅಲೆಯನ್ನು ದಡ ಮುಟ್ಟುವ ಮೊದಲೇ ಒಡೆಯಲು. ಯೋಚನೆ ಕಲ್ಲು ಸುರಿಯುವುದಕ್ಕಿಂತ ಒಳ್ಳೆಯದೇ.

ಕೈರಂಪಣಿ · ರಾತ್ರಿ 9:50

ಅಳಿವೆಬಾಗಿಲು ಅವರೇ, ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ಕಲ್ಲು ಬೇಡ ಅಂತ ಹೇಳಲು ನಿಮ್ಮ ಮನೆ ದಡದಿಂದ ಎಷ್ಟು ದೂರ? ನನ್ನ ತಂಗಿಯ ಮನೆಗೂ ಕಡಲಿಗೂ ನಡುವೆ ನಾಲ್ಕು ತೆಂಗಿನ ಮರ ಇತ್ತು. ಈಗ ಒಂದು ಇದೆ, ಅದೂ ಬಗ್ಗಿದೆ. ಜುಲೈ ತಿಂಗಳ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಭಜನಾ ಮಂದಿರದಲ್ಲಿ ಮಲಗಿದವಳಿಗೆ ಮರಳು ಮುಂದಿನ ವರ್ಷ ವಾಪಸ್ ಬರುತ್ತದೆ ಅಂತ ಹೇಳಿ ನೋಡಿ.

ಕಲ್ಲು ಹಾಕಿದರೆ ದೋಣಿ ಎಳೆಯಲು, ಕೈರಂಪಣಿ ಬಲೆ ಎಳೆಯಲು ಜಾಗ ಇಲ್ಲ. ಅದು ನಮಗೂ ಗೊತ್ತು. ಹಾಕದಿದ್ದರೆ ಮನೆ ಇಲ್ಲ. ನೀವು ಅಲೆ ಹೋಯಿತು ಅನ್ನುತ್ತೀರಿ. ನಮಗೆ ಹೋಗುವುದು ಬೇರೆ.

ಅಳಿವೆಬಾಗಿಲು · ರಾತ್ರಿ 10:05

ಎರಡು ಕಿಲೋಮೀಟರ್ ಅಣ್ಣ. ನಿಮ್ಮ ಮಾತು ಒಪ್ಪಿದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸುಮ್ನೆ_ಓದುವವ · ರಾತ್ರಿ 10:20

ನಾನು ಬೋರ್ಡ್ ಅಂತ ತಮಾಷೆ ಮಾಡಿದೆ, ಚರ್ಚೆ ಇಲ್ಲಿಗೆ ಬಂತು. ನಡುವೆ ಇನ್ನೊಂದು ದಡ್ಡ ಪ್ರಶ್ನೆ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಮಲ್ಪೆಗೆ ಬರುತ್ತಿದ್ದೇವೆ. ಸೆಳೆತ ಅಂದರೆ ಏನು? ಸಿಕ್ಕಿಕೊಂಡರೆ ಏನು ಮಾಡಬೇಕು?

ಉಪ್ಪುಕೂದಲು · ರಾತ್ರಿ 10:34

ಇದು ದಡ್ಡ ಪ್ರಶ್ನೆ ಅಲ್ಲ, ಇಡೀ ಪುಟದಲ್ಲಿ ಮುಖ್ಯ ಪ್ರಶ್ನೆ ಇದೇ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಎಡಬಲದಲ್ಲಿ ಅಲೆ ಒಡೆದು ಬಿಳಿ ನೊರೆ, ನಡುವೆ ಒಂದು ಕಡೆ ಮಾತ್ರ ಶಾಂತವಾಗಿ, ಕಪ್ಪಗೆ ಕಾಣುತ್ತದೆ. ಹೊಸಬರು ಅಲೆ ಇಲ್ಲ ಅಂತ ಅಲ್ಲೇ ಇಳಿಯುತ್ತಾರೆ. ಅದೇ ಸೆಳೆತ. ನಾವು ಸರ್ಫರ್‌ಗಳು ಅದನ್ನು ಬಿಟ್ಟಿ ಲಿಫ್ಟಿನ ಹಾಗೆ ಒಳಗೆ ಹೋಗಲು ಬಳಸುತ್ತೇವೆ, ಕಾಲಿಗೆ ಬೋರ್ಡ್ ಕಟ್ಟಿರುತ್ತದಲ್ಲ.

ಸಿಕ್ಕಿಕೊಂಡರೆ ದಡದ ಕಡೆಗೆ ಈಜಲು ಹೋಗಬೇಡಿ, ಸುಸ್ತಾಗಿ ಮುಳುಗುವುದು ಹಾಗೆಯೇ. ಅದು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಮಲಗಿದ ಹಾಗೆ ತೇಲಿ, ಕೈ ಎತ್ತಿ ಕೂಗಿ. ಈಜು ಬರುವವರು ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬರಬೇಕು. ನಿಮಗೆ ಈಜು ಬರುವುದಿಲ್ಲ ಅಂದಿರಿ, ಮೊಣಕಾಲಿನಷ್ಟು ನೀರು ಸಾಕು. ಕೆಂಪು ಬಾವುಟ ಇದ್ದರೆ ಅದೂ ಬೇಡ. ಗೆಳೆಯ ಸಿಕ್ಕಿಕೊಂಡ ಅಂತ ಹಿಂದೆಯೇ ಹಾರಬೇಡಿ. ಒಬ್ಬರಿಗೆ ಇಬ್ಬರು, ಇಬ್ಬರಿಗೆ ಮೂವರು ಹೋಗುವುದು ಅಲ್ಲೇ. ಖಾಲಿ ಕ್ಯಾನ್, ಹಗ್ಗ ಏನಾದರೂ ಎಸೆಯಿರಿ.

ತಣ್ಣೀರು_ಕನ್ನಡಿಗ · ರಾತ್ರಿ 10:58

ಇದಕ್ಕೆ ಇಲ್ಲಿನ ಒಂದು ನಿಯಮ ಸೇರಿಸುತ್ತೇನೆ. ಮಳೆ ಬಂದ ಮೇಲೆ 72 ಗಂಟೆ ಕಡಲಿಗೆ ಇಳಿಯಬೇಡಿ ಅನ್ನುತ್ತಾರೆ. ರಸ್ತೆ, ಚರಂಡಿ ತೊಳೆದ ನೀರೆಲ್ಲ ಬರುತ್ತದೆ. ಒಮ್ಮೆ ಕೇಳದೆ ಇಳಿದು ಹದಿನೈದು ದಿನ ಕಿವಿ ಸೋರಿತು.

ಅಳಿವೆಬಾಗಿಲು · ಸೋಮವಾರ, ಬೆಳಿಗ್ಗೆ 8:55

ಇಲ್ಲಿ ಮೊದಲ ಮಳೆಗೆ ಹೊಳೆಯಲ್ಲಿ ಬರುವುದನ್ನು ನೋಡಿದರೆ 72 ಗಂಟೆ ಸಾಲದು, 72 ದಿನ ಬೇಕು.

ಈಗ ನೀರಿನಿಂದ ಬಂದೆ. ಇವತ್ತು ಏಳೇ ಜನ. ಮೂಡುಗಾಳಿ ಎಂಟರವರೆಗೂ ಇತ್ತು, ನೀರು ಕನ್ನಡಿ. ಕಾಯುವಾಗ ಎರಡು ವಿಷಯ ತಲೆಗೆ ಬಂತು. ಮೊದಲನೆಯದು, ನಾವು ಹಾಕುವ ಈ ಪೋಸ್ಟೂ ಕಡಲಡಿಯಲ್ಲೇ ಓಡುತ್ತಿದೆ. ಕೊಚ್ಚಿಯಲ್ಲಿ, ಮುಂಬೈಯಲ್ಲಿ, ಚೆನ್ನೈಯಲ್ಲಿ ದಡಕ್ಕೆ ಬರುವ ಕೇಬಲ್‌ಗಳ ಮೂಲಕವೇ ತಣ್ಣೀರು ಕನ್ನಡಿಗರ ಮಾತು ನನ್ನ ಮನೆಗೆ ಬರುವುದು. ಲಕ್ಷದ್ವೀಪಕ್ಕೂ 2024ರ ಜನವರಿಯಿಂದ ಕೊಚ್ಚಿಯಿಂದ ಅಂಥದ್ದೇ ಕೇಬಲ್ ಇದೆ. ಮೇಲೆ ನಾವು, ಕೆಳಗೆ ನಮ್ಮ ರೀಲು.

ಎರಡನೆಯದು ಒಂದು ಭಯ. 2025ರ ಮೇ 25ರಂದು ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಕೇರಳದ ದಡಕ್ಕೆ ಪ್ಲಾಸ್ಟಿಕ್ ಕಾಳು ಬಂದದ್ದು ನೆನಪಿದೆಯಾ? ಸಾಬಕ್ಕಿಯ ಹಾಗೆ ಬೆಳ್ಳಗೆ, ಸಣ್ಣಗೆ. ಸ್ವಯಂಸೇವಕರು ಜರಡಿ ಹಿಡಿದು ಮರಳು ಸೋಸುತ್ತಿದ್ದರು. ಅಂದಿನಿಂದ ದಡದಲ್ಲಿ ಬಿಳಿ ಚುಕ್ಕೆ ಕಂಡರೆ ಬಗ್ಗಿ ನೋಡುವ ಅಭ್ಯಾಸ ಆಗಿದೆ. ಇವತ್ತು ಬಗ್ಗಿ ನೋಡಿದ್ದು ಥರ್ಮೋಕೋಲು. ಮೀನಿನ ಪೆಟ್ಟಿಗೆಯದ್ದು.

ತೆರೆಲೆಕ್ಕ · ಬೆಳಿಗ್ಗೆ 10:12

ರಾತ್ರಿ ಯೋಚಿಸುತ್ತಿದ್ದೆ. ‘ಹೋದ ವರ್ಷದಷ್ಟು ಮರಳು ಬಂದಿಲ್ಲ’ ಅಂದಿರಲ್ಲ, ಅದಕ್ಕೆ ಲೆಕ್ಕ ಏನಿದೆ? ನಿಮ್ಮ ಕಣ್ಣು. ಕೈರಂಪಣಿ ಅವರ ತೆಂಗಿನ ಮರ. ಅದು ಸುಳ್ಳಲ್ಲ, ಆದರೆ ಕಚೇರಿಯಲ್ಲಿ ಮೇಜಿನ ಮೇಲೆ ಇಡಲು ಆಗುವುದಿಲ್ಲ.

2017ರಲ್ಲಿ ಸಿಡ್ನಿಯಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ ಒಂದು ಕೆಲಸ ಶುರು ಮಾಡಿದರು, ಈಗ ಬಹಳ ದೇಶಗಳಲ್ಲಿದೆ. ದಡದಲ್ಲಿ ಒಂದು ಗಟ್ಟಿ ಕಂಬ, ಅದರ ಮೇಲೆ ಫೋನ್ ಇಡಲು ಒಂದು ತೊಟ್ಟಿಲು. ಬಂದವರು ಯಾರೇ ಆಗಲಿ ಅದರಲ್ಲಿ ಫೋನ್ ಇಟ್ಟು ಒಂದು ಫೋಟೋ ತೆಗೆದು ಹಾಕುತ್ತಾರೆ. ಜಾಗ, ಕೋನ ಪ್ರತಿ ಸಲ ಒಂದೇ. ಉಬ್ಬರ ಇಳಿತ ಲೆಕ್ಕ ಹಾಕಿ ಫೋಟೋದಿಂದಲೇ ದಡದ ಗೆರೆ ಎಷ್ಟು ಹಿಂದೆ ಮುಂದೆ ಹೋಯಿತು ಅಂತ ಅಳೆಯಬಹುದು. ಇಪ್ಪತ್ತೇಳು ಜನ ಬಂದರೆ ಇಪ್ಪತ್ತೇಳು ಫೋಟೋ! ಅಳೆಯುವ ಭಾಗ ನಾನು ಮಾಡುತ್ತೇನೆ.

ವೀಕೆಂಡ್_ಅಲೆಮಾರಿ · ಬೆಳಿಗ್ಗೆ 10:20

ಕಂಬದ ಖರ್ಚು ನಾವು ಬೆಂಗಳೂರಿನವರು ಹಾಕುತ್ತೇವೆ. ಆ ಡ್ರೋನ್ ಹುಡುಗ ನನ್ನ ಗೆಳೆಯನ ಗೆಳೆಯ ಅಂತ ಈಗ ಗೊತ್ತಾಯಿತು. ಲೊಕೇಶನ್ ತೆಗೆಸಿದ್ದೇನೆ. ಕಂಬದ ಪಕ್ಕ ದೋಣಿ ದಾರಿಯ ಒಂದು ನಕ್ಷೆಯೂ ಬರೆಸೋಣವಾ?

ಕೈರಂಪಣಿ · ಬೆಳಿಗ್ಗೆ 11:03

ನಕ್ಷೆ ಬರೆಸಿ, ಆದರೆ ಪೆನ್ಸಿಲಿನಲ್ಲಿ. ದೋಣಿ ದಾರಿ ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ.

ಕಂಬ ದಡದಲ್ಲಿ ನೆಟ್ಟರೆ ಜೂನ್ ತಿಂಗಳಲ್ಲಿ ಕಂಬವೇ ಇರುವುದಿಲ್ಲ. ಗಾಳಿಮರಕ್ಕೆ ಕಟ್ಟಿದರೂ ಅಷ್ಟೇ. ಭಜನಾ ಮಂದಿರದ ಮಾಳಿಗೆಯ ಪಡು ಮೂಲೆಯಲ್ಲಿ ಹಾಕಿ, ಅಲ್ಲಿಂದ ಅಳಿವೆ ಪೂರಾ ಕಾಣುತ್ತದೆ. ಸಮಿತಿಯವರ ಹತ್ತಿರ ನಾನು ಮಾತಾಡುತ್ತೇನೆ. ಮಂಗಳವಾರ ಭಜನೆ ಉಂಟು, ಎಲ್ಲರೂ ಸಿಗುತ್ತಾರೆ.

ಅಳಿವೆಬಾಗಿಲು · ಬೆಳಿಗ್ಗೆ 11:15

ಮಂಗಳವಾರ ನಾನೂ ಬರುತ್ತೇನೆ ಅಣ್ಣ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಒಂದು ಮಾಡಿಸಲು ಹೇಳುತ್ತೇನೆ.

ಕೈರಂಪಣಿ · ಬೆಳಿಗ್ಗೆ 11:18

ಕಬ್ಬಿಣ ಬೇಡ ಮಾರಾಯ್ರೆ. ಉಪ್ಪುಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ಸ್ಟೀಲ್ ಮಾಡಿಸಿ. ಬೋಲ್ಟೂ ಸ್ಟೀಲೇ.